ವಶೀಕರಣಕ್ಕೆ ಇನ್ನೊಬ್ಬರ ಫೋಟೋ ಕಳಿಸುವ ಮುನ್ನ ಇದನ್ನು ಓದಿ

ಉಡುಪಿ ಕಡೆಯ ಒಂದು ಮನೆಯಲ್ಲಿ ಆದದ್ದನ್ನು ಮನೆಯವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇವೆ. ಹೆಸರು, ಊರು ದಯವಿಟ್ಟು ಕೇಳಬೇಡಿ. ಬೆಂಗಳೂರಿನಲ್ಲಿ ಕೆಲಸಕ್ಕಿರುವ ಮಗ ತಾನು ಮೆಚ್ಚಿದ ಹುಡುಗಿಯನ್ನೇ ಮದುವೆಯಾಗುವುದೆಂದು ಪಟ್ಟು ಹಿಡಿದಿದ್ದ. ತಾಯಿಗೆ ಅದು ಸುತಾರಾಂ ಇಷ್ಟವಿರಲಿಲ್ಲ. ಇನ್‌ಸ್ಟಾಗ್ರಾಂ ಜಾಹೀರಾತಿನಲ್ಲಿ ಕಂಡ ನಂಬರಿಗೆ ವಾಟ್ಸಾಪ್ ಮಾಡಿದರು. ‘501 ರೂಪಾಯಿ ದಕ್ಷಿಣೆ ಹಾಕಿಯಮ್ಮಾ, ಅವನ ಮನಸ್ಸು ತಿರುಗಿಸಿ ಕೊಡುವುದು ನನ್ನ ಜವಾಬ್ದಾರಿ’ ಎಂದು ಉತ್ತರ ಬಂತು.

ದಕ್ಷಿಣೆ ಸಂದ ಮೇಲೆ ಆತ ಕೇಳಿದ್ದು ಮಗನ ಮತ್ತು ಹುಡುಗಿಯ ಫೋಟೋ, ಇಬ್ಬರ ಜನ್ಮನಕ್ಷತ್ರ, ಇಬ್ಬರ ತಾಯಂದಿರ ಹೆಸರು, ಇಬ್ಬರ ಮೊಬೈಲ್ ನಂಬರ್. ಫೋಟೋ, ನಕ್ಷತ್ರ ಕೇಳಿದರೆ ಯಾರಿಗೂ ಸಂಶಯ ಬರುವುದಿಲ್ಲ, ಜಾತಕ ನೋಡುವವರೂ ಕೇಳುತ್ತಾರೆ. ಆದರೆ ಮಂತ್ರಕ್ಕೆ ಮೊಬೈಲ್ ನಂಬರ್ ಯಾಕೆ? ಇಡೀ ದಂಧೆ ನಿಂತಿರುವುದೇ ಆ ನಂಬರಿನ ಮೇಲೆ.

ಮುಂದೆ ಸಾಮಗ್ರಿಗೆಂದು 5,500, ಹೋಮಕ್ಕೆಂದು 21,000. ನಂಬಿಕೆ ಬರಲಿ ಎಂದು ನಡುವೆ ಒಂದು ವಿಡಿಯೋ ಕಾಲ್. ಅದರಲ್ಲಿ ಲಿಂಬೆಹಣ್ಣು ಕೊಯ್ದಾಗ ರಕ್ತದಂಥ ಕೆಂಪು ಒಸರಿತು. ಚಾಕುವಿಗೆ ಕೆಂಪು ದಾಸವಾಳದ ರಸ ಬಳಿದು ಒಣಗಿಸಿಟ್ಟರೆ, ಲಿಂಬೆಯ ಹುಳಿ ತಾಗಿದ ಕೂಡಲೇ ಅದು ಕಡುಗೆಂಪಾಗುತ್ತದೆ. ಇಂಥವರು ತೋರಿಸುವ ಇನ್ನೊಂದು ಪವಾಡದಲ್ಲಿ ತೆಂಗಿನಕಾಯಿಗೆ ತಾನಾಗಿ ಬೆಂಕಿ ಹತ್ತುವುದು ಪೊಟ್ಯಾಸಿಯಂ ಪರ್ಮಾಂಗನೇಟಿನ ಹರಳಿನ ಮೇಲೆ ಗ್ಲಿಸರಿನ್ ಬಿದ್ದಾಗ. ಸ್ವಲ್ಪ ಹೊತ್ತು ತಡವಾಗಿ ಹೊತ್ತಿಕೊಳ್ಳುವುದರಿಂದ ಅಷ್ಟರೊಳಗೆ ಒಂದು ಮಂತ್ರ ಹೇಳಿ ಮುಗಿಸಬಹುದು. ಅರಸಿನ ನೀರಿಗೆ ಸುಣ್ಣ ಬಿದ್ದರೆ ಕೆಂಪಾಗುತ್ತದೆ ಎಂದು ನಮ್ಮ ಕಡೆಯವರಿಗೆ ಹೇಳಿಕೊಡಬೇಕಾಗಿಲ್ಲ, ಕುರ್ದಿ ನೀರು ನೋಡದವರು ಇಲ್ಲಿ ಯಾರಿದ್ದಾರೆ? ಆದರೂ ಭಯದಲ್ಲಿರುವವರ ಕಣ್ಣಿಗೆ ಅದು ರಕ್ತವಾಗಿಯೇ ಕಾಣುತ್ತದೆ.

ಆಮೇಲೆ ಕೊರಿಯರಿನಲ್ಲಿ ಒಂದು ಪೊಟ್ಟಣ ಬಂತು. ಹಳೆಯ ಪಂಚಾಂಗದ ಹಾಳೆಯಲ್ಲಿ ಮಡಿಸಿ ಕಪ್ಪು ನೂಲು ಸುತ್ತಿದ್ದರು. ಒಳಗೆ ಒಂದು ಚಮಚದಷ್ಟು ಕಿತ್ತಳೆ ಬಣ್ಣದ ಪುಡಿ, ಬೆರಳಿಗೆ ಅಂಟಿದರೆ ತೊಳೆದರೂ ಹೋಗದಷ್ಟು ನಯ. ಮಗ ಊರಿಗೆ ಬಂದಾಗ ಮೂರು ಚಿಟಿಕೆ ಪಾಯಸದಲ್ಲಿ ಬೆರೆಸಿ ಕೊಡಬೇಕು, ಅವನಿಗೆ ತಿಳಿಯಬಾರದು. ತಾಯಿ ಹಾಗೆಯೇ ಮಾಡಿದರು. ರಾತ್ರಿಯಿಡೀ ಮಗನಿಗೆ ವಾಂತಿ, ಹೊಟ್ಟೆನೋವು.

ಇಂಥ ಪುಡಿಯಲ್ಲಿ ಏನಿದೆ ಎಂದು ಮಾರುವವನಿಗೂ ಗೊತ್ತಿರುವುದಿಲ್ಲ. ಕಿತ್ತಳೆ ಸಿಂಧೂರ ಎಂದು ಮಾರುವುದರಲ್ಲಿ ಸೀಸದ ಆಕ್ಸೈಡ್ ಇರಬಹುದು. ಅದು ಮೂಳೆಯಲ್ಲಿ ಸೇರಿಕೊಂಡು ವರ್ಷಗಟ್ಟಲೆ ಉಳಿಯುತ್ತದೆ, ಗರ್ಭಿಣಿಯಾದರೆ ಮಗುವಿಗೂ ಹೋಗುತ್ತದೆ. ಉಮ್ಮತ್ತದ ಬೀಜ ಸೇರಿದ್ದರೆ ಬಾಯಿ ಒಣಗಿ, ಕಣ್ಣಿನ ಪಾಪೆ ಅರಳಿ, ಎದೆ ಹೊಡೆದುಕೊಂಡು ಮನುಷ್ಯ ಬಡಬಡಿಸುತ್ತಾನೆ. ವಶೀಕರಣದ ಪುಡಿ ಕೆಲಸ ಮಾಡಿತು ಎಂಬರ್ಥದಲ್ಲಿ ‘ಮದ್ದು ಹಿಡಿಯಿತು’ ಎಂದು ಹೇಳುವುದು ಈ ಸ್ಥಿತಿಗೇ. ಗುಲಗಂಜಿ ಇಡಿಯಾಗಿ ಹೊಟ್ಟೆ ದಾಟಿ ಹೋದರೂ ಹೋದೀತು, ಅರೆದು ಕೊಟ್ಟರೆ ಪ್ರಾಣ ತೆಗೆಯಬಹುದು. ಮದ್ದು ತೆಗೆಸುತ್ತೇವೆಂದು ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದೂ ಅಷ್ಟೇ ಅಪಾಯ. ರಕ್ತದಲ್ಲಿ ಸೋಡಿಯಂ ಏರಿದರೆ ಅಪಸ್ಮಾರ ಬಂದು ಸಾಯಬಹುದು.

ಮಗನ ಮನಸ್ಸು ತಿರುಗಲಿಲ್ಲ. ತಾಯಿ ಸಾಕು ಎಂದಾಗ ‘ಕರ್ಮ ಅರ್ಧಕ್ಕೆ ನಿಂತರೆ ನಿಮಗೇ ತಿರುಗಿ ಬಡಿಯುತ್ತದೆ’ ಎಂದು ಇನ್ನೂ 40,000 ಕೇಳಿದ. ಕೊಡದಿದ್ದಾಗ ಚಾಟಿನ ಸ್ಕ್ರೀನ್‌ಶಾಟ್ ಮಗನಿಗೆ ಹೋಯಿತು. ಅದೇ ವಾರ ಹುಡುಗಿಗೂ ಫೋನ್ ಬಂತು: ‘ನಿನ್ನ ಮೇಲೆ ಮಾಟ ಆಗಿದೆ, ನಿನ್ನ ನಕ್ಷತ್ರ ಇಂಥದ್ದು, ತಾಯಿಯ ಹೆಸರು ಇಂಥದ್ದು, ತೆಗೆಯಲು 11,000.’ ಏನೂ ಅರಿಯದ ಆಕೆ ಹೆದರಿ ಕಟ್ಟಿದಳು. ತಾಯಿ ಕಳೆದುಕೊಂಡ ದುಡ್ಡಿಗಿಂತ ನಮ್ಮನ್ನು ಕಾಡಿದ್ದು ಈ 11,000. ವಶೀಕರಣಕ್ಕೆ ಹೋದವರು ತಾವು ಮೋಸ ಹೋಗುವ ಮೊದಲೇ ಇನ್ನೊಬ್ಬರನ್ನು ಒಪ್ಪಿಸಿ ಬಂದಿರುತ್ತಾರೆ.

‘ಮಂತ್ರ ಸುಳ್ಳಾದರೆ ತಪ್ಪೇನು, ನಿಜವಾದರೆ ಒಳ್ಳೆಯದೇ ಆಯಿತಲ್ಲ’ ಎನ್ನುವವರಿದ್ದಾರೆ. ನಿಜವಾದರೆ ಇನ್ನೂ ದೊಡ್ಡ ತಪ್ಪು. ಕೇಳದೆ, ತಿಳಿಸದೆ ಒಬ್ಬರ ಇಷ್ಟವನ್ನೇ ಬದಲಿಸಲು ಹೊರಟದ್ದು ಅದು. ಶಾಸ್ತ್ರದಲ್ಲಿ ಇದೆಯಲ್ಲ ಎಂದರೆ, ಇದೆ. ಶಾಂತಿ, ವಶ್ಯ, ಸ್ತಂಭನ, ವಿದ್ವೇಷಣ, ಉಚ್ಚಾಟನ, ಮಾರಣ ಎಂದು ತಂತ್ರದಲ್ಲಿ ಷಟ್ಕರ್ಮಗಳನ್ನು ಹೇಳಿದ್ದಾರೆ. ಆದರೆ ಅಭಿಚಾರವನ್ನೂ, ಅಂದರೆ ಮಾಟವನ್ನೂ, ಬೇರುಗಳಿಂದ ಮಾಡುವ ಮೂಲಕರ್ಮವನ್ನೂ ಉಪಪಾತಕಗಳ, ಅಂದರೆ ಎರಡನೇ ದರ್ಜೆಯ ಪಾಪಗಳ ಸಾಲಿಗೆ ಸೇರಿಸಿದ್ದು ಮನುಸ್ಮೃತಿಯೇ. ಮಹಾಭಾರತದ ವನಪರ್ವದಲ್ಲಿ ಸತ್ಯಭಾಮೆ ದ್ರೌಪದಿಯನ್ನು ಕೇಳುತ್ತಾಳೆ: ಪಾಂಡವರು ನಿನ್ನ ಮಾತು ಮೀರದಿರುವುದು ವ್ರತದಿಂದಲೋ, ಮಂತ್ರದಿಂದಲೋ, ಬೇರಿನಿಂದಲೋ? ದ್ರೌಪದಿ ಸಿಡಿಮಿಡಿಗೊಳ್ಳುತ್ತಾಳೆ. ಹೆಂಡತಿ ಮಂತ್ರ-ಮೂಲಿಕೆಯ ಹಿಂದೆ ಬಿದ್ದಿದ್ದಾಳೆಂದು ತಿಳಿದ ಗಂಡ ಮನೆಯೊಳಗೆ ಹಾವು ಹೊಕ್ಕವನಂತೆ ಬೆದರುತ್ತಾನೆ, ಬೆದರಿದವನಿಗೆ ಶಾಂತಿ ಎಲ್ಲಿಯದು ಎನ್ನುತ್ತಾಳೆ. ಹೀಗೆ ಮದ್ದು ತಿಂದ ಗಂಡಸರು ಜಲೋದರ, ತೊನ್ನು, ಕುರುಡು, ಕಿವುಡುಗಳಿಗೆ ತುತ್ತಾದರೆಂದೂ ಸೇರಿಸುತ್ತಾಳೆ. ಇಂಥ ಪುಡಿ ದೇಹಕ್ಕೆ ಹಾನಿ ಎಂದು ಇವತ್ತಿನ ವೈದ್ಯರೂ ಹೇಳುತ್ತಾರೆ.

ತುಳುನಾಡಿನ ಕ್ರಮವನ್ನೇ ನೋಡಿ. ದೈವದ ಎದುರು ದೂರು ಹೇಳುವವರು ಹತ್ತು ಜನರ ಮುಂದೆ ನಿಂತು ಹೇಳುತ್ತಾರೆ. ಎದುರಿನವರೂ ಬಂದು ಉತ್ತರ ಕೊಡಬಹುದು. ಪಾಯಸದಲ್ಲಿ ಪುಡಿ ಬೆರೆಸುವಾಗ ಉತ್ತರ ಕೊಡಬೇಕಾದವನಿಗೆ ವಿಷಯವೇ ಗೊತ್ತಿರುವುದಿಲ್ಲ.

ದೂರು ಕೊಡುವುದಾದರೆ, ಕರ್ನಾಟಕದಲ್ಲಿ 2017ರ ಅಮಾನವೀಯ ದುಷ್ಟ ಪದ್ಧತಿ ಮತ್ತು ವಾಮಾಚಾರ ತಡೆ ಕಾಯಿದೆ 2020ರ ಜನವರಿಯಿಂದ ಜಾರಿಯಲ್ಲಿದೆ. ಶಿಕ್ಷೆ 1ರಿಂದ 7 ವರ್ಷ. ಆದರೆ ಅದು ಪಟ್ಟಿ ಮಾಡಿದ ಕೃತ್ಯಗಳಿಗೆ ಮಾತ್ರ. ಜ್ಯೋತಿಷ್ಯದ ಸಲಹೆಯನ್ನು ಹೊರಗಿಟ್ಟಿರುವುದರಿಂದ ‘ನಾನು ಜ್ಯೋತಿಷಿ’ ಎಂದು ಜಾರಿಕೊಳ್ಳುವವರಿದ್ದಾರೆ. ಅದಕ್ಕೇ ದೂರಿನಲ್ಲಿ ಹಣ, ಬೆದರಿಕೆ, ಪುಡಿ ಈ ಮೂರನ್ನೂ ದಿನಾಂಕ ಸಹಿತ ಬಿಡಿಬಿಡಿಯಾಗಿ ಬರೆಯಿರಿ. ಭಾರತೀಯ ನ್ಯಾಯ ಸಂಹಿತೆಯಲ್ಲಿ ವಂಚನೆಗೆ 318, ಬೆದರಿಸಿ ಹಣ ಕೀಳುವುದಕ್ಕೆ 308, ಹಾನಿಯಾಗಬಹುದೆಂದು ತಿಳಿದೂ ವಿಷಪದಾರ್ಥ ತಿನ್ನಿಸುವುದಕ್ಕೆ 123ನೇ ಕಲಂ ಇದೆ. ಕೊನೆಯದಕ್ಕೆ 10 ವರ್ಷದವರೆಗೆ ಶಿಕ್ಷೆ. ಬೆರೆಸಿ ಕೊಟ್ಟ ಕೈಯೂ ಆ ಪ್ರಶ್ನೆಗೆ ಉತ್ತರಿಸಬೇಕಾಗುತ್ತದೆ.

ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಮುಂದಿನ ಖಾತೆಗೆ ದಾಟುವ ಮೊದಲು ತಡೆಹಿಡಿಯಲು ಸಾಧ್ಯ. ಚಾಟ್ ಅಳಿಸಬೇಡಿ. ಪುಡಿ ಹೊಟ್ಟೆಗೆ ಹೋಗಿದ್ದರೆ ಉಳಿದ ಪೊಟ್ಟಣದ ಸಮೇತ ಮಂಗಳೂರಿನ ವೆನ್ಲಾಕ್ ಆಸ್ಪತ್ರೆಗೋ ಉಡುಪಿ ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆಗೋ ಹೋಗಿ, ಏನು ಕೊಟ್ಟಿರಿ, ಎಷ್ಟು ಕೊಟ್ಟಿರಿ ಎಂದು ನಾಚಿಕೆಪಡದೆ ಹೇಳಿ. ಬರೀ ‘ಊಟ ಸೇರಲಿಲ್ಲ’ ಎಂದರೆ ಸೀಸದ ರಕ್ತಪರೀಕ್ಷೆ ಬರೆಯಬೇಕೆಂದು ವೈದ್ಯರಿಗೆ ಹೊಳೆಯುವುದಾದರೂ ಹೇಗೆ?

ಇನ್ನು ಯಾರ ಫೋಟೋ, ನಂಬರ್ ಕಳಿಸಿದ್ದೀರೋ ಅವರಿಗೆ ಅದೇ ದಿನ ತಿಳಿಸಿ. ಮುಖ ಕೊಟ್ಟು ಹೇಳಲಾಗದಿದ್ದರೆ ಮೆಸೇಜ್ ಮಾಡಿ: ಇಂಥ ನಂಬರಿನಿಂದ ಫೋನ್ ಬರಬಹುದು, ನಿಮ್ಮ ನಕ್ಷತ್ರ, ತಾಯಿಯ ಹೆಸರು ಅವನಿಗೆ ನಾನೇ ಕೊಟ್ಟದ್ದು, ದುಡ್ಡು ಹಾಕಬೇಡಿ.