ಹೊಡೆದಾಟಕ್ಕೆ ಮೊದಲು ಸ್ವಲ್ಪ ಮಾತಾಡಿ

ಮೊದಲೇ ಹೇಳಿಬಿಡುತ್ತೇನೆ, ನಾನು ಸಿನಿಮಾ ಪಂಡಿತ ಅಲ್ಲ. ಶಿರಸಿ ಹತ್ತಿರದ ಹಳ್ಳಿಯವನು. ತಿಂಗಳಿಗೆ ಒಂದೋ ಎರಡೋ ಸಿನಿಮಾ, ಅಡಿಕೆ ಕೊನೆಕೊಯ್ಲು ಶುರುವಾದರೆ ಅದೂ ಇಲ್ಲ. ತೀರಾ ದೊಡ್ಡ ಪರದೆಯಲ್ಲೇ ನೋಡಬೇಕು ಅನ್ನಿಸಿದರೆ ಭಾವನ ಜೊತೆ ಹುಬ್ಬಳ್ಳಿಗೆ ಹೋಗುತ್ತೇನೆ, ನೂರು ಕಿಲೋಮೀಟರ್ ದೂರ. ಇಲ್ಲದಿದ್ದರೆ ಹತ್ತಿರದ ಟಾಕೀಸು. ಅದೂ ತಪ್ಪಿದರೆ ಜಗಲಿಯಲ್ಲಿ ಅಡಿಕೆ ಸುಲಿಯುತ್ತಾ ಟಿವಿಯಲ್ಲಿ. ಆಗ ಆಯಿಯೂ (ನಮ್ಮ ಕಡೆ ಅಮ್ಮನಿಗೆ ಹಾಗೆ ಅನ್ನುತ್ತೇವೆ) ಪಕ್ಕದಲ್ಲಿ ಇರುತ್ತಾಳೆ. ಆಯಿಯ ವಿಮರ್ಶೆ ಒಂದೇ ಪದದ್ದು, "ಅಡ್ಡಿಲ್ಲೆ", ಅಂದರೆ ಪರವಾಗಿಲ್ಲ. ಹೊರಗಿನವರಿಗೆ ಇದು ಏನೂ ಅನ್ನಿಸದಿರಬಹುದು, ಆದರೆ ನಮ್ಮ ಕಡೆ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ.

2022ರ ಏಪ್ರಿಲ್‌ನಲ್ಲಿ ಕೆಜಿಎಫ್ ಎರಡನೇ ಭಾಗ ನೋಡಿ ಬಂದ ಮೇಲೆ ಮರುದಿನದವರೆಗೂ ಕಿವಿ ಗುಂಯ್ ಅನ್ನುತ್ತಿತ್ತು. ದೊಡ್ಡಮ್ಮ ಅಂತ ಹೆಸರಿಟ್ಟ ಮಷಿನ್ ಗನ್ ಹಿಡಿದು ಯಶ್ ಪೊಲೀಸ್ ಠಾಣೆಯನ್ನೇ ಪುಡಿ ಮಾಡಿ, ಕಾದು ಕೆಂಪಾದ ನಳಿಗೆಯಲ್ಲಿ ಸಿಗರೇಟ್ ಹಚ್ಚಿಕೊಂಡಾಗ ಟಾಕೀಸಿನಲ್ಲಿ ಕೂಗೋ ಕೂಗು. "ನಮ್ಮನೆ ದೊಡ್ಡಮ್ಮ ಇದಕ್ಕಿಂತ ಜೋರು" ಅಂದ ಭಾವ. ನಾನೂ ಸೀಟಿ ಹೊಡೆದೆ, ಸುಳ್ಳು ಯಾಕೆ ಹೇಳಲಿ. ಆದರೆ ಮನೆಗೆ ಬಂದು ಯೋಚಿಸಿದರೆ ಆ ಸಿನಿಮಾದಲ್ಲಿ ನೆನಪಿಗೆ ಬರುವ ಹೊಡೆದಾಟ ಅದೊಂದೇ. ಉಳಿದದ್ದೆಲ್ಲ ಮಸಿ, ಧೂಳು, ಕಣ್ಣು ಮಿಟುಕಿಸುವಷ್ಟರಲ್ಲಿ ಬದಲಾಗುವ ಶಾಟು. ಮಾತು ಇಲ್ಲ ಅಂತಲ್ಲ, ಬೇಕಾದಷ್ಟಿದೆ. ಎಲ್ಲರೂ ಹೀರೋ ಬಗ್ಗೆ ಮಾತಾಡುತ್ತಾರೆ, ಎದುರಾಳಿಯ ಜೊತೆ ಕೂತು ಮಾತಾಡುವವರು ಕಡಿಮೆ. ಹೀರೋ ರಾಕಿ ಸೀದಾ ಪ್ರಧಾನಿ ರಮಿಕಾ ಸೇನ್ ಎದುರಿಗೆ ಹೋಗಿ ಕೂರುತ್ತಾನಲ್ಲ, ಅಲ್ಲಿ ಒಂದು ಗುಂಡೂ ಹಾರುವುದಿಲ್ಲ. ನನಗೆ ಇಡೀ ಸಿನಿಮಾದಲ್ಲಿ ಎದೆ ಹೊಡೆದುಕೊಂಡಿದ್ದು ಅಲ್ಲಿ.

ಹೊಡೆದಾಟಕ್ಕಿಂತ ಮಾತು ಹಿಡಿಸುವುದು ಯಕ್ಷಗಾನ ನೋಡಿ ಬೆಳೆದ ತಪ್ಪೋ ಏನೋ. ಗದಾಯುದ್ಧ ಪ್ರಸಂಗದಲ್ಲಿ ಕೌರವ ಕೊಳದಲ್ಲಿ ಅಡಗಿರುತ್ತಾನೆ, ಭೀಮ ದಡದಲ್ಲಿ ನಿಂತು ಮೂದಲಿಸುತ್ತಾನೆ, ಅವನು ಎದ್ದು ಬಂದು ತನ್ನ ಕಡೆಯ ನ್ಯಾಯ ಹೇಳುತ್ತಾನೆ, ಇವನು ಇವನದ್ದು ಹೇಳುತ್ತಾನೆ, ಮಾತು ಕಟ್ಟುವ ಒಳ್ಳೆ ಅರ್ಥಧಾರಿಗಳಾದರೆ ಗಂಟೆಗಟ್ಟಲೆ ವಾದ ನಡೆದು ಕೊನೆಗೆ ಚಂಡೆಗೆ ಪೆಟ್ಟು ಬೀಳುವ ಹೊತ್ತಿಗೆ ನಮಗೆ ಯಾರು ಸೋತರೂ ಹೊಟ್ಟೆ ಉರಿಯುವ ಸ್ಥಿತಿ. ಗದೆ ಮೈಗೆ ತಾಗುವುದೂ ಇಲ್ಲ. ಆದರೂ ತೊಡೆ ಮುರಿದಾಗ ಬೆಳಗಿನ ಜಾವದ ನಿದ್ದೆ ಹಾರಿಹೋಗುತ್ತದೆ.

ಕಾಂತಾರ ನನಗೆ ಹಿಡಿಸಿದ್ದು ಅದಕ್ಕೇ. 2022ರ ಸಿನಿಮಾ, ಈಗ ಹಳೇದು ಅನ್ನುತ್ತೀರಿ, ಆದರೆ ಅದನ್ನು ಬಿಟ್ಟು ಮಾತಾಡಲು ಆಗುವುದಿಲ್ಲ. ಕಿಶೋರ್ ಮಾಡಿದ ಅರಣ್ಯ ಅಧಿಕಾರಿ ಮುರಳಿ ಕೆಟ್ಟವನಲ್ಲ. ಕಾಡಿನ ಜಾಗದ ಜಗಳದಲ್ಲಿ ಅವನ ಮಾತಲ್ಲೂ ನ್ಯಾಯ ಇದೆ, ಹೀರೋ ಶಿವನ ಮಾತಲ್ಲೂ ಇದೆ. ಉತ್ತರ ಕನ್ನಡದವರಿಗೆ ಇದನ್ನು ಬಿಡಿಸಿ ಹೇಳುವುದೇ ಬೇಡ. ಇಲ್ಲಿ ಸೊಪ್ಪಿನ ಬೆಟ್ಟ (ತೋಟಕ್ಕೆ ಸೊಪ್ಪು ತರುವ ಕಾಡು), ಅತಿಕ್ರಮಣ, ಗಡಿ ಕಲ್ಲು ಅಂತ ಮಾತು ಏಳದ ಮನೆ ಯಾವುದಿದೆ? ಹಾಗಾಗಿ ಅವರಿಬ್ಬರೂ ಮಣ್ಣಲ್ಲಿ ಹೊರಳಾಡಿ ಬಡಿದಾಡಿದಾಗ ನನಗೆ ಅದು ಬರೀ ಫೈಟ್ ಅನ್ನಿಸಲಿಲ್ಲ. ಕೊನೆಯ ಇಪ್ಪತ್ತು ನಿಮಿಷದ ಬಗ್ಗೆ ಎಲ್ಲರೂ ಹೇಳಿಯಾಗಿದೆ, ಶಿವನಾದ ರಿಷಬ್ ಶೆಟ್ಟಿಗೆ ರಾಷ್ಟ್ರಪ್ರಶಸ್ತಿಯೂ ಬಂತು, ಸರಿಯಾಗೇ ಬಂತು. ಒಂದು ತಕರಾರು ಮಾತ್ರ ಇದೆ. ಶಿವ ಲೀಲಾಳ ಸೊಂಟ ಚಿವುಟಿ ಅದನ್ನೇ ಪ್ರೀತಿ ಅನ್ನುವ ಭಾಗ. ತಂಗಿ ಜೊತೆ ಕೂತು ನೋಡುವಾಗ ನನಗೇ ಕಸಿವಿಸಿಯಾಯಿತು. ಅವಳು ಸುಮ್ನೆ ಎದ್ದು ಚಾ ಮಾಡಲು ಹೋದಳು.

ಅದರ ಹಿಂದಿನ ಕಥೆ, ಚಾಪ್ಟರ್ 1, 2025ರ ಅಕ್ಟೋಬರ್ 2ಕ್ಕೆ ಬಂದಾಗ ನಮ್ಮವರಿಗೆ ಸ್ವಲ್ಪ ಜಾಸ್ತಿಯೇ ಉತ್ಸಾಹ. ಕದಂಬರ ಕಾಲದ ಕಥೆ ಅಂದರೆ ಬನವಾಸಿ ನಮ್ಮ ತಾಲೂಕಿನದೇ ಅಲ್ವಾ! ಆದರೆ ಕಥೆ ನಡೆಯುವುದು ಕರಾವಳಿಯ ಬಾಂಗ್ರ ರಾಜ್ಯದಲ್ಲಿ. ಇರಲಿ. ಕಾಡು, ರಥದ ಓಟ, ಹುಲಿ ಎಲ್ಲ ಹುಬ್ಬಳ್ಳಿಯ ಪರದೆಯಲ್ಲಿ ನೋಡಿದ್ದಕ್ಕೆ ದುಡ್ಡು ದಂಡವಾಗಲಿಲ್ಲ. ಅಜನೀಶ್ ಲೋಕನಾಥ್ ಸಂಗೀತ ಮೈಮೇಲೆ ಬರುವ ಹಾಗಿದೆ. ಆದರೆ ಗುಲ್ಶನ್ ದೇವಯ್ಯ ಮಾಡಿದ ಕುಡುಕ ರಾಜಕುಮಾರ ನನಗೆ ಸಪ್ಪೆ. ಅವನಿಗೆ ತನ್ನದು ಅಂತ ಒಂದು ನ್ಯಾಯವೇ ಇಲ್ಲ. ಇಂಥವನು ಸತ್ತರೆಷ್ಟು ಬಿಟ್ಟರೆಷ್ಟು? ನಡುನಡುವೆ ತುರುಕಿದ ತಮಾಷೆಗೆ ಹಿಂದಿನ ಸಾಲಿನ ಮಕ್ಕಳೂ ನಗಲಿಲ್ಲ. ಕನಕವತಿಯಾಗಿ ರುಕ್ಮಿಣಿ ವಸಂತ್ ಮಾತ್ರ ಬೇರೆಯೇ ಲೆಕ್ಕ, ಯಾಕೆ ಅಂತ ಹೇಳಿದರೆ ಕಥೆ ಒಡೆದ ಹಾಗಾಗುತ್ತದೆ. ಎರಡೂ ಮುಕ್ಕಾಲು ಗಂಟೆಯಲ್ಲಿ ಒಂದು ಇಪ್ಪತ್ತು ನಿಮಿಷ ಕತ್ತರಿಸಬಹುದಿತ್ತು.

ಸುದೀಪ್ ಅವರ ಮ್ಯಾಕ್ಸ್ 2024ರ ಕ್ರಿಸ್‌ಮಸ್‌ಗೆ ಬಂತು. ಒಂದು ರಾತ್ರಿ, ಒಂದು ಠಾಣೆ, ಹೊರಗೆ ರೌಡಿಗಳು. ಅಷ್ಟೇ ಕಥೆ, ಅಷ್ಟಕ್ಕೇ ನಿಲ್ಲುತ್ತದೆ, ಅದೇ ಅದರ ಗುಣ. ಹೊಸತು ಏನಿಲ್ಲ, ಬೇಸರವೂ ಬರುವುದಿಲ್ಲ. ನಾನು ನೋಡಿದ ಟಾಕೀಸಿನಲ್ಲಿ (ಯಾವುದು ಅಂತ ಹೇಳುವುದಿಲ್ಲ) ಎಡಗಡೆಯ ಸ್ಪೀಕರ್ ಸತ್ತಿತ್ತು, ಗುಂಡು ಹಾರಿದ್ದೆಲ್ಲ ಬಲಗಿವಿಗೆ ಮಾತ್ರ. ಹೋಗಿ ಹೇಳಿದರೆ, "ಸೌಂಡ್ ಬತ್ತಾ ಇದ್ದಲ ಮಾರಾಯ" ಅಂತ ಉತ್ತರ.

ಭೈರತಿ ರಣಗಲ್: ಶಿವಣ್ಣ ಕರಿ ಕೋಟು ಹಾಕಿದ ವಕೀಲನಾಗಿದ್ದಷ್ಟು ಹೊತ್ತು ಚೆನ್ನ. ಆಮೇಲೆ ಮಾಮೂಲು.

ಕಾಟೇರ ಬಗ್ಗೆ ಎರಡು ಮಾತು. ಉಳುವವನೇ ಭೂಮಿಯ ಒಡೆಯ ಅನ್ನುವ ವಿಷಯವನ್ನು ಇಷ್ಟು ದೊಡ್ಡ ಮಾಸ್ ಸಿನಿಮಾದಲ್ಲಿ ತಂದಿದ್ದೇ ದೊಡ್ಡದು. 1974ರ ಕಾನೂನು ನಮ್ಮ ಅಜ್ಜನ ಕಾಲದ ಮಾತುಕತೆಯಲ್ಲಿ ದಿನಾ ಬರುತ್ತಿತ್ತು. ಅದಕ್ಕೂ ಎಷ್ಟೋ ಮೊದಲು ಅಂಕೋಲೆ ಕಡೆ ದಿನಕರ ದೇಸಾಯಿ ಗೇಣಿ ರೈತರನ್ನು ಕಟ್ಟಿ, ಅದಕ್ಕೆ ಜಿಲ್ಲೆಯಿಂದಲೇ ಗಡೀಪಾರಾದವರು. ಚುಟುಕ ಬರೆಯುತ್ತಿದ್ದ ಮನುಷ್ಯ, ಕೈಯಲ್ಲಿ ಮಚ್ಚು ಹಿಡಿದವರಲ್ಲ. ಸಿನಿಮಾದ ಒಡೆಯರೋ, ಬರೀ ಕಣ್ಣು ಕೆಂಪು ಮಾಡುವ ರಾಕ್ಷಸರು. ಗೇಣಿ ಕೊಡದೆ ಹೋದರೆ ನಗುತ್ತಲೇ ಹೊಟ್ಟೆಗೆ ಹೊಡೆಯುವ ಒಡೆಯರ ಕಥೆ ಅಜ್ಜ ಹೇಳುತ್ತಿದ್ದ. ಅಂಥವನೊಬ್ಬ ಇದ್ದಿದ್ದರೆ ಕಮ್ಮಾರ ಕಾಟೇರನ ಕುಲುಮೆಯ ಬೆಂಕಿ ಇನ್ನೂ ಜೋರಾಗಿ ಸುಡುತ್ತಿತ್ತು.

ಇನ್ನು ಅಳಿಸುವ ಸಿನಿಮಾ. ಸಪ್ತ ಸಾಗರದಾಚೆ ಎಲ್ಲೋ, ಹೇಮಂತ್ ರಾವ್ ಅವರದು, 2023ರಲ್ಲಿ ಸೆಪ್ಟೆಂಬರ್‌ಗೆ ಸೈಡ್ ಎ, ನವೆಂಬರ್‌ಗೆ ಸೈಡ್ ಬಿ. ಸೈಡ್ ಎ ನನ್ನ ಪ್ರಕಾರ ಇತ್ತೀಚಿನ ಕನ್ನಡ ಸಿನಿಮಾಗಳಲ್ಲಿ ಮೇಲಿನ ಸಾಲಿನದು. ಮನು ಡ್ರೈವರ್, ದುಡ್ಡಿನಾಸೆಗೆ ಯಜಮಾನನ ಮಗ ಮಾಡಿದ ಅಪಘಾತವನ್ನು ತನ್ನ ತಲೆಗೆ ಕಟ್ಟಿಕೊಂಡು ಜೈಲಿಗೆ ಹೋಗುತ್ತಾನೆ, ಬೇಗ ಬಿಡಿಸುತ್ತೇವೆ ಅಂದವರು ಬಿಡಿಸುವುದಿಲ್ಲ. ಅಷ್ಟೇ. ಅವನ ಹುಡುಗಿ ಪ್ರಿಯಾಗೆ ಸಮುದ್ರದ ಹತ್ತಿರ ಮನೆ ಬೇಕು. ಘಟ್ಟ ಇಳಿದರೆ ಕುಮಟೆಯಲ್ಲಿ ನಮಗೆ ಸಿಗುವ ಸಮುದ್ರ, ಮೀನು ತರಲು, ನೆಂಟರ ಮನೆಗೆ ಹೋಗಲು ಇಳಿದಾಗ ಕಾಣುವ ಸಮುದ್ರ, ಅದಕ್ಕಾಗಿ ಇಬ್ಬರ ಬಾಳು ಹೀಗಾಗುವುದೇ ಅಂತ ಮೊದಲು ಅನ್ನಿಸಿತ್ತು. ಅರ್ಧ ಗಂಟೆಯಲ್ಲಿ ಆ ಯೋಚನೆ ಹೋಯಿತು. ಜೈಲಿನ ಭೇಟಿಯಲ್ಲಿ ಅವರಿಬ್ಬರು ಮಾತಾಡುವುದಕ್ಕಿಂತ ಮಾತಾಡದೆ ಇರುವುದು ಜಾಸ್ತಿ. ಮನುವಾದ ರಕ್ಷಿತ್ ಶೆಟ್ಟಿ ಒಳಗೊಳಗೇ ಕುಸಿಯುವುದು ಕಾಣುತ್ತದೆ. ಚರಣ್ ರಾಜ್ ಹಾಡುಗಳು ನನ್ನ ಬೈಕಿನಲ್ಲಿ ಒಂದು ತಿಂಗಳು ಓಡಿದವು. ಸೈಡ್ ಬಿಯಲ್ಲಿ ಚೈತ್ರಾ ಆಚಾರ್ ಒಳ್ಳೆಯ ನಟಿ, ಆದರೆ ಹೊಡೆದಾಟ ಹೆಚ್ಚಾಗಿ, ಮನುವಿನ ಹಠ ನೋಡಿ ನೋಡಿ ಸುಸ್ತಾಯಿತು. ಸೈಡ್ ಎಯಲ್ಲೇ ನಿಲ್ಲಿಸಿದ್ದರೂ ನನಗೆ ಸಾಕಿತ್ತು. ಭಾವ ಇದಕ್ಕೆ ಒಪ್ಪುವುದಿಲ್ಲ, ಇನ್ನೂ ಜಗಳ ಆಡುತ್ತಾನೆ.

ಯಾರೂ ಹೆಚ್ಚು ನೋಡದ ಒಂದನ್ನು ಹೇಳುತ್ತೇನೆ, ಶಾಖಾಹಾರಿ, 2024ರದು. ಮಲೆನಾಡಿನ ಒಂದು ಸಸ್ಯಾಹಾರಿ ಹೋಟೆಲ್, ಅಡುಗೆ ಮಾಡುವ ಸುಬ್ಬಣ್ಣ, ಪೊಲೀಸರಿಂದ ತಪ್ಪಿಸಿಕೊಂಡು ಅಲ್ಲಿ ಅಡಗುವ ಒಬ್ಬ ಹುಡುಗ. ರಂಗಾಯಣ ರಘು ದೋಸೆ ಹೊಯ್ಯುವುದನ್ನೂ ಹೆದರುವುದನ್ನೂ ಒಂದೇ ಮುಖದಲ್ಲಿ ಮಾಡಿದ್ದಾರೆ. ನಿಧಾನ ಇದೆ, ಮಳೆಗಾಲದ ಸಂಜೆಗೆ ಸರಿ ಹೊಂದುವ ನಿಧಾನ. ಅದನ್ನು ಆಯಿಗೆ ಹಾಕಿಕೊಟ್ಟೆ. ಪೂರ್ತಿ ನೋಡಿದಳು, ಒಮ್ಮೆಯೂ ಎದ್ದು ಹೋಗಲಿಲ್ಲ. ಮುಗಿದ ಮೇಲೆ ಅಡ್ಡಿಲ್ಲೆಯೂ ಇಲ್ಲ, ಏನೂ ಇಲ್ಲ. ಅಡಿಕೆ ಸುಲಿಯುವ ಮೆಟ್ಟುಗತ್ತಿ ಬದಿಗಿಟ್ಟು, ಬಾಗಿಲ ಚಿಲಕ ಹಾಕಿದೆಯಾ ಅಂತ ನನ್ನನ್ನು ಎರಡು ಸಲ ಕೇಳಿದಳು.