ಮನೆಯ ಕಂಪ್ಯೂಟರಿಗೆ ವರ್ಚುವಲ್ ಡಿಸ್ಕ್: ನನಗೆ ವಿಂಡೋಸ್‌ನದ್ದೇ ಸಾಕಾಯಿತು

ಪಹಣಿ, ಬ್ಯಾಂಕ್ ಪೇಪರ್, ಮನೆ ಲೆಕ್ಕ ಎಲ್ಲ ಬೇರೆಯೇ ಒಂದು ಡ್ರೈವಿನಲ್ಲಿರಬೇಕು ಅಂತ ಆಸೆ. ಪಾರ್ಟಿಷನ್‌ಗೆ ಕೈ ಹಾಕಿ ಇರುವ ಡಿಸ್ಕನ್ನು ಭಾಗ ಮಾಡಲು ಧೈರ್ಯವಿರಲಿಲ್ಲ. ಹಾಗಾಗಿ ವರ್ಚುವಲ್ ಡಿಸ್ಕ್, ಅಂದರೆ ನಿಜವಾದ ಡ್ರೈವಿನಂತೆ ಕಾಣುವ, ಸಾಫ್ಟ್‌ವೇರ್ ಸೃಷ್ಟಿಸುವ ಡ್ರೈವ್ ಮಾಡೋಣ ಅಂದುಕೊಂಡೆ.

ಮೊದಲು ಒಂದು ಪುಕ್ಕಟೆ ಸಾಫ್ಟ್‌ವೇರ್ ಹಾಕಿದೆ. ಹೆಸರು ಬೇಡ ಬಿಡಿ. ಡ್ರೈವ್ ಬಂತು, ಜೊತೆಗೆ ಕೇಳದಿದ್ದ ಜಾಹೀರಾತುಗಳೂ ಬಂದವು. ಅದನ್ನು ಕೀಳುವಷ್ಟರಲ್ಲಿ ಭಾನುವಾರ ಮುಗಿದಿತ್ತು.

ಆಮೇಲೆ ರ‍್ಯಾಮ್ ಡಿಸ್ಕ್. ಕಂಪ್ಯೂಟರಿನ ತಾತ್ಕಾಲಿಕ ಮೆಮೊರಿಯನ್ನೇ ಡ್ರೈವ್ ಮಾಡಿಕೊಳ್ಳುವುದು. ಭಾರಿ ವೇಗ. ಕರೆಂಟ್ ಹೋಯಿತು, ಒಳಗಿದ್ದುದೂ ಹೋಯಿತು.

ಕೊನೆಗೆ ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್. ಆಕ್ಷನ್ ಮೆನುವಿನಲ್ಲೇ 'ಕ್ರಿಯೇಟ್ ವಿಎಚ್‌ಡಿ' ಇದೆ, ಹೋಮ್ ಆವೃತ್ತಿಯಲ್ಲೂ. ವಿಎಚ್‌ಡಿ ಅಂದರೆ ವರ್ಚುವಲ್ ಹಾರ್ಡ್ ಡಿಸ್ಕ್, ಇಡೀ ಡ್ರೈವ್ ಒಂದೇ ಫೈಲಿನೊಳಗೆ; ವಿಎಚ್‌ಡಿಎಕ್ಸ್ ಅದರ ಹೊಸ ರೂಪ. ವಿಎಚ್‌ಡಿಎಕ್ಸ್, 50 ಜಿಬಿ, ಡೈನಾಮಿಕ್ ಅಂತ ಆರಿಸಿದೆ. ಫೈಲ್ ಮೊದಲು ಚಿಕ್ಕದಿದ್ದು, ತುಂಬಿದ ಹಾಗೆ ಬೆಳೆಯುತ್ತದೆ. ಇನಿಶಿಯಲೈಸ್ ಮಾಡಿ, ಫಾರ್ಮ್ಯಾಟ್ ಮಾಡಿದರೆ ಡ್ರೈವ್ ರೆಡಿ.

ಮರುದಿನ ಬೆಳಿಗ್ಗೆ ಕಂಪ್ಯೂಟರ್ ಆನ್ ಮಾಡಿದರೆ ಡ್ರೈವೇ ಇಲ್ಲ! ಎದೆ ಧಸಕ್ಕೆಂದಿತು. ಹುಡುಕಿದರೆ ಫೈಲ್ ಇಟ್ಟಲ್ಲೇ ತಣ್ಣಗೆ ಕೂತಿದೆ. ರೀಸ್ಟಾರ್ಟ್ ಆದರೆ ಈ ಡಿಸ್ಕ್ ತಾನಾಗಿ ಸೇರಿಕೊಳ್ಳುವುದಿಲ್ಲ, ಫೈಲಿನ ಮೇಲೆ ಡಬಲ್ ಕ್ಲಿಕ್ ಮಾಡಬೇಕು. ನಾಲ್ಕು ದಿನ ಹಾಗೇ ಮಾಡಿದೆ. ಐದನೇ ದಿನ ಮನೆಯವಳು "ನಿಮ್ಮ ಡ್ರೈವ್ ಎಲ್ರೀ?" ಅಂತ ಕೇಳಿದಾಗ ನಾಚಿಕೆಯಾಯಿತು.

ಪರಿಹಾರ ಎರಡು ಸಾಲಿನದು. ನೋಟ್‌ಪ್ಯಾಡಿನಲ್ಲಿ 'ಸೆಲೆಕ್ಟ್ ವಿಡಿಸ್ಕ್' ಜೊತೆಗೆ ಫೈಲಿನ ವಿಳಾಸ, ಕೆಳಗೆ 'ಅಟ್ಯಾಚ್ ವಿಡಿಸ್ಕ್' (ಇಂಗ್ಲಿಷಿನಲ್ಲೇ ಟೈಪ್ ಮಾಡಿ). ಲಾಗಿನ್ ಆದಾಗ ವಿಂಡೋಸ್‌ನ ಡಿಸ್ಕ್ ಕಮಾಂಡ್ ಸಾಧನವಾದ ಡಿಸ್ಕ್‌ಪಾರ್ಟ್ ಇದನ್ನು ಓದುವಂತೆ ಟಾಸ್ಕ್ ಶೆಡ್ಯೂಲರ್‌ನಲ್ಲಿ ಹೇಳಿಟ್ಟೆ. 'ಹೈಯೆಸ್ಟ್ ಪ್ರಿವಿಲೇಜಸ್' ಟಿಕ್ ಮರೆತು ಮತ್ತೊಂದು ಸಂಜೆ ಹಾಳು ಮಾಡಿಕೊಂಡೆ, ನೀವು ಮರೆಯಬೇಡಿ.

ಫೈಲುಗಳನ್ನು ಗೂಢಲಿಪಿಯಲ್ಲಿ ಬಚ್ಚಿಡುವ ವೆರಾಕ್ರಿಪ್ಟ್ ಎಂಬ ಸಾಫ್ಟ್‌ವೇರ್ ಕೂಡ ನೋಡಿದೆ. ಪಾಸ್‌ವರ್ಡ್ ಬೀಗ ನಿಜಕ್ಕೂ ಗಟ್ಟಿ, ಅದೂ ಪುಕ್ಕಟೆ. ಆದರೆ ಪಾಸ್‌ವರ್ಡ್ ಮರೆತರೆ ಕಥೆ ಮುಗಿಯಿತು. ನಾನೋ ಎಟಿಎಂ ಪಿನ್ನನ್ನೇ ಮರೆಯುವವನು. ಲ್ಯಾಪ್‌ಟಾಪ್ ಹೊತ್ತು ತಿರುಗುವವರಾದರೆ ಕಣ್ಣುಮುಚ್ಚಿ ಅದನ್ನೇ ಹಾಕಿ. ನನ್ನದು ಮೂಲೆಯಲ್ಲಿ ಕೂತ ಡೆಸ್ಕ್‌ಟಾಪ್, ಖರ್ಚಿಗೆ ಸೊನ್ನೆ ರೂಪಾಯಿ. ಹಾಗಾಗಿ ವಿಂಡೋಸ್‌ನದ್ದೇ ಉಳಿಯಿತು.

ಈಗ ವಾರಕ್ಕೊಮ್ಮೆ ಡ್ರೈವನ್ನು ಇಜೆಕ್ಟ್ ಮಾಡಿ, ಆ ಒಂದೇ ಫೈಲನ್ನು ಪೆನ್‌ಡ್ರೈವಿಗೆ ಹಾಕುತ್ತೇನೆ. ಹಳೇ ಪೆನ್‌ಡ್ರೈವ್ ಮೊದಲು ಒಪ್ಪಲಿಲ್ಲ. ಅದರ ಫಾರ್ಮ್ಯಾಟ್ ಫ್ಯಾಟ್32, 4 ಜಿಬಿ ದಾಟಿದ ಫೈಲ್ ಅದಕ್ಕೆ ಆಗದು. ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿದ ಮೇಲೆ ಸುಮ್ನೆ ನುಂಗಿಕೊಂಡಿತು.