ಷಟರ್ ಎಳೆಯುವ ಮೊದಲು ಪಿಎಫ್ ಪಾಸ್‌ಬುಕ್: ಉಮಂಗ್ ಆ್ಯಪ್ ಮತ್ತು ಸದಸ್ಯರ ಪೋರ್ಟಲ್ ಎಷ್ಟು ಉಪಯೋಗ?

ಮಳಿಗೆಗೆ ಹೊಸ ಸರಕು ಬರುವುದು ನಿಂತಿದೆ, 7ಕ್ಕೆ ಬೀಳುತ್ತಿದ್ದ ಸಂಬಳ 20ಕ್ಕೆ ಬೀಳುತ್ತಿದೆ ಎಂದಾದರೆ ಬಳ್ಳಾರಿ, ಸಿಂಧನೂರು, ಗಂಗಾವತಿಯ ಕೌಂಟರ್ ಮತ್ತು ಗೋದಾಮು ಸಿಬ್ಬಂದಿ ಮೊದಲು ಪಿಎಫ್ ಪಾಸ್‌ಬುಕ್ ತೆರೆಯಬೇಕು. ಪಿಎಫ್ ಹಣ ನೋಡಿಕೊಳ್ಳುವ ಕೇಂದ್ರದ ಸಂಸ್ಥೆ ಇಪಿಎಫ್‌ಒದ ಈ ಸೇವೆ ಕೆಲಸ ಇರುವಾಗಲೇ ಬಳಸಿದವರಿಗೆ ಚೆನ್ನಾಗಿ ಒದಗುತ್ತದೆ. ಮಳಿಗೆ ಮುಚ್ಚಿದ ಮೇಲೆ ಬಂದವರನ್ನು ಅಲೆಸುತ್ತದೆ, ಏಕೆಂದರೆ ಕೆಲವು ತಿದ್ದುಪಡಿಗಳಿಗೆ ಇಂದಿಗೂ ಕಂಪನಿಯ ಒಪ್ಪಿಗೆ ಬೇಕು.

ಪಾಸ್‌ಬುಕ್ ನೋಡುವ ಭಾಗಕ್ಕೆ ಪೂರ್ಣ ಅಂಕ ಕೊಡಬಹುದು. ಸರ್ಕಾರಿ ಸೇವೆಗಳ ಆ್ಯಪ್ ಉಮಂಗ್‌ನಲ್ಲಿ 12 ಅಂಕಿಯ ಯುಎಎನ್ (ನಿಮ್ಮ ಪಿಎಫ್ ಗುರುತಿನ ಸಂಖ್ಯೆ) ಹಾಕಿ, ಒಟಿಪಿ ಕೊಟ್ಟರೆ ತಿಂಗಳುವಾರು ಲೆಕ್ಕ ಬರುತ್ತದೆ. ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ 12,000 ಇದ್ದರೆ ನಿಮ್ಮ ಪಾಲು 1,440 ಇರಬೇಕು. ಕಂಪನಿಯ 1,440ರಲ್ಲಿ ಸುಮಾರು 1,000 ಪಿಂಚಣಿಗೆ, 440 ಪಿಎಫ್‌ಗೆ ಹೋಗಿರಬೇಕು. ಹಣ ಕಟ್ಟಲು ಕಂಪನಿಗೆ ಮುಂದಿನ ತಿಂಗಳ 15ರವರೆಗೆ ಗಡುವು. ತಿಂಗಳು ಮುಗಿದರೂ ಸಾಲು ಖಾಲಿಯಿದ್ದು, ಪೇಸ್ಲಿಪ್‌ನಲ್ಲಿ ಮಾತ್ರ ಕಡಿತ ಕಾಣುತ್ತಿದ್ದರೆ ಅದೇ ದಿನ ಇಪಿಎಫ್‌ಒದ ಆನ್‌ಲೈನ್ ದೂರು ತಾಣ ಇಪಿಎಫ್‌ಐಜಿಎಂಎಸ್‌ನಲ್ಲಿ ಪೇಸ್ಲಿಪ್ ಸಮೇತ ದೂರು ಹಾಕಿ. ಕಷ್ಟದಲ್ಲಿರುವ ಕಂಪನಿ ಮೊದಲು ತಪ್ಪಿಸುವ ಕಂತುಗಳಲ್ಲಿ ಇದೂ ಒಂದು. ನೆಟ್ ಸಿಗದ ಕಡೆ ನೋಂದಾಯಿತ ಮೊಬೈಲ್‌ನಿಂದ 9966044425ಕ್ಕೆ ಮಿಸ್ಡ್ ಕಾಲ್ ಕೊಟ್ಟರೆ ಕೊನೆಯ ಕಂತು, ಖಾತೆಯಲ್ಲಿರುವ ಮೊತ್ತ ಎಸ್ಎಂಎಸ್‌ನಲ್ಲಿ ಬರುತ್ತದೆ, ಖರ್ಚಿಲ್ಲ.

ಹೆಸರಿನ ವಿಷಯದಲ್ಲಿ ಈ ಸೇವೆ ಬಹಳ ಕಟ್ಟುನಿಟ್ಟು, ನಮ್ಮ ಭಾಗದವರು ಹೆಚ್ಚಾಗಿ ಸಿಕ್ಕಿಬೀಳುವುದೂ ಇಲ್ಲೇ. ಆಧಾರ್‌ನಲ್ಲಿ ಎರ್ರಿಸ್ವಾಮಿ, ಕಂಪನಿ ದಾಖಲೆಯಲ್ಲಿ ಯರ್ರಿಸ್ವಾಮಿ. ಇಂಗ್ಲಿಷ್ ಅಕ್ಷರ ಒಂದು ಬದಲಾದರೂ ಕ್ಲೇಮ್ (ಹಣ ಕೇಳುವ ಅರ್ಜಿ) ತಿರಸ್ಕೃತವಾಗಬಹುದು. 2025ರ ಜನವರಿಯಿಂದ ಒಂದು ಒಳ್ಳೆಯ ಬದಲಾವಣೆ ಆಗಿದೆ. 2017ರ ಅಕ್ಟೋಬರ್ 1ರ ನಂತರ ಆಧಾರ್ ಮೂಲಕ ಪಡೆದ ಯುಎಎನ್ ಇದ್ದರೆ ಹೆಸರು, ಹುಟ್ಟಿದ ದಿನಾಂಕ, ತಂದೆಯ ಹೆಸರು, ಕೆಲಸಕ್ಕೆ ಸೇರಿದ ಮತ್ತು ಬಿಟ್ಟ ದಿನಾಂಕಗಳನ್ನು ಸದಸ್ಯರೇ ತಿದ್ದಬಹುದು. ಅದಕ್ಕಿಂತ ಹಳೆಯ ಯುಎಎನ್‌ಗೆ ಕಂಪನಿಯ ಕೈ ಬೇಕೇ ಬೇಕು. ಹಾಗಿದ್ದವರು ಎಚ್‌ಆರ್ ಕುರ್ಚಿಯಲ್ಲಿ ಇನ್ನೂ ಜನ ಇರುವಾಗಲೇ ಮುಗಿಸಿಕೊಳ್ಳಿ. ಬ್ಯಾಂಕ್ ವಿವರವನ್ನೂ ನೋಡಿ: ಸಿಂಡಿಕೇಟ್ ಬ್ಯಾಂಕ್ 2020ರಲ್ಲಿ ಕೆನರಾ ಬ್ಯಾಂಕ್‌ನಲ್ಲಿ ವಿಲೀನವಾದ ಮೇಲೂ ಹಳೆಯ ಐಎಫ್‌ಎಸ್‌ಸಿ ಉಳಿದುಕೊಂಡಿದ್ದರೆ ಹಣ ಜಮೆಯಾಗದು.

ಕೆಲಸ ಬಿಟ್ಟ ದಿನಾಂಕವನ್ನು ಕಂಪನಿ ನಮೂದಿಸದಿದ್ದರೆ ಪಿಎಫ್ ಹಣ ತೆಗೆಯುವ ಅರ್ಜಿಯಾದ ಫಾರಂ 19 ತುಂಬಲು ಆಗುವುದಿಲ್ಲ. ಸದಸ್ಯರ ಪೋರ್ಟಲ್‌ನ 'ಮ್ಯಾನೇಜ್' ಅಡಿಯಲ್ಲಿ 'ಮಾರ್ಕ್ ಎಕ್ಸಿಟ್' ಇದೆ. ಕೊನೆಯ ಕಂತಿನಿಂದ ಎರಡು ತಿಂಗಳು ಕಳೆದ ಮೇಲೆ ಆ ದಿನಾಂಕವನ್ನು ನೀವೇ ಹಾಕಬಹುದು. ಕೊನೆಯ ಕಂತು ಯಾವ ತಿಂಗಳದ್ದೋ ಆ ತಿಂಗಳಿನ ದಿನಾಂಕವನ್ನೇ ಕೊಡಿ.

ಈ ಹಂತದಲ್ಲಿ ಕೆಲಸ ಬಿಟ್ಟ ಕಾರಣ ಬಹಳ ಮುಖ್ಯ. 'ನೀವೇ ರಾಜೀನಾಮೆ ಬರೆದುಕೊಡಿ, ಲೆಕ್ಕ ಬೇಗ ಮುಗಿಯುತ್ತೆ' ಎಂದು ಮ್ಯಾನೇಜರ್ ಸಾಹೇಬರು ಎಷ್ಟೇ ಪ್ರೀತಿಯಿಂದ ಹೇಳಿದರೂ ಸಹಿ ಹಾಕಬೇಡಿ. ಒಂದು ವರ್ಷ ಸತತ ಕೆಲಸ ಮಾಡಿದ ಕಾರ್ಮಿಕರನ್ನು ಕಂಪನಿಯೇ ತೆಗೆದರೆ ಒಂದು ತಿಂಗಳ ನೋಟಿಸ್ ಅಥವಾ ಅದರ ಸಂಬಳ, ಜೊತೆಗೆ ವರ್ಷಕ್ಕೆ 15 ದಿನದ ವೇತನದಂತೆ ಪರಿಹಾರ ಸಿಗಬೇಕು. ರಾಜೀನಾಮೆ ಕೊಟ್ಟರೆ ಇವೆರಡೂ ಇಲ್ಲ. ತೆರಿಗೆಯಲ್ಲೂ ವ್ಯತ್ಯಾಸ ಬರುತ್ತದೆ. ಐದು ವರ್ಷ ಸೇವೆ ತುಂಬದೆ 50,000 ಅಥವಾ ಹೆಚ್ಚು ಹಣ ತೆಗೆದರೆ ಪ್ಯಾನ್ ಇದ್ದವರಿಗೆ 10% ಟಿಡಿಎಸ್ (ಹಣ ಕೊಡುವಾಗಲೇ ಹಿಡಿಯುವ ತೆರಿಗೆ). ಕಂಪನಿ ವ್ಯವಹಾರ ನಿಲ್ಲಿಸಿ ಅಥವಾ ಕುಗ್ಗಿಸಿ ಕೆಲಸ ಹೋದರೆ ಆ ಹಣಕ್ಕೆ ತೆರಿಗೆ ವಿನಾಯಿತಿ ಇದೆ, ಅದಕ್ಕೆ ಕಂಪನಿಯ ಪತ್ರವೇ ಸಾಕ್ಷಿ.

ಎಷ್ಟು ಹಣ ಕೈಗೆ ಬರುತ್ತದೆ ಎಂಬುದನ್ನು ಆ್ಯಪ್ ಸರಳವಾಗಿ ಹೇಳುವುದಿಲ್ಲ, ಇದು ದೊಡ್ಡ ಕೊರತೆ. 2025ರ ಅಕ್ಟೋಬರ್‌ನಲ್ಲಿ ಇಪಿಎಫ್‌ಒ ಮಂಡಳಿ ಕೈಗೊಂಡ ತೀರ್ಮಾನದಂತೆ ಕೆಲಸ ಹೋದ ತಕ್ಷಣ 75%, ಉಳಿದ 25% 12 ತಿಂಗಳ ನಂತರ. ಮನೆ ಬಾಡಿಗೆ, ಬೈಕ್ ಕಂತಿನ ಲೆಕ್ಕವನ್ನು ಪಾಸ್‌ಬುಕ್‌ನ ಇಡೀ ಮೊತ್ತದ ಮೇಲೆ ಹಾಕಬೇಡಿ.

ಆನ್‌ಲೈನ್‌ನಲ್ಲಿ ಬಗೆಹರಿಯದ್ದಕ್ಕೆ ಪ್ರತಿ ತಿಂಗಳ 27ರಂದು ಜಿಲ್ಲೆಗಳಲ್ಲಿ ಇಪಿಎಫ್‌ಒದ 'ನಿಧಿ ಆಪ್ಕೆ ನಿಕಟ್' ಶಿಬಿರ ನಡೆಯುತ್ತದೆ. ನೇಮಕಾತಿ ಪತ್ರ, ಎಲ್ಲ ಪೇಸ್ಲಿಪ್‌ಗಳು, ಸಂಬಳ ಜಮೆಯಾದ ಬ್ಯಾಂಕ್ ಸ್ಟೇಟ್‌ಮೆಂಟ್, ಆಧಾರ್ ಜೆರಾಕ್ಸ್ ಒಯ್ಯಿರಿ. ಪೇಸ್ಲಿಪ್‌ಗಳು ಕಂಪನಿಯ ಆ್ಯಪ್‌ನಲ್ಲಷ್ಟೇ ಇದ್ದರೆ ಇಂದೇ ಇಳಿಸಿಕೊಳ್ಳಿ. ಕೆಲಸದಿಂದ ತೆಗೆದ ದಿನವೇ ಲಾಗಿನ್ ಮುಚ್ಚಬಹುದು.